ಹೆಡ್ಲಿಯ ಹೊಲ ಬೇಲಿ ದಾಟಿದ ದಿನ

ಆಸ್ಟ್ರೇಲಿಯಾದ ಮ್ಯಾಲಿ ಸೀಮೆಯಲ್ಲಿ ಗಂಡಸಿನ ಯೋಗ್ಯತೆ ಅಳೆಯುತ್ತಿದ್ದುದು ಅವನು ಬೆಳೆದ ಗೋಧಿಯಿಂದಲ್ಲ, ಏನೂ ಬೆಳೆಯದೆ ಬಿಟ್ಟ ಹೊಲದಿಂದ. ಒಂದು ವರ್ಷ ಬಿತ್ತನೆಯಿಲ್ಲ. ಹಳೆಯ ಕೂಳೆಗೆ ಬೆಂಕಿಯಿಟ್ಟು, ಉತ್ತು, ಕುಂಟೆ ಹೊಡೆದು, ನಾಲ್ಕು ಹನಿ ಬಿದ್ದಾಗಲೆಲ್ಲ ಮತ್ತೆ ಕುಂಟೆ ಹೊಡೆದು, ಒಂದು ಹುಲ್ಲಿನೆಸಳಾಗಲಿ ಒಂದು ಹೆಂಟೆಯಾಗಲಿ ಉಳಿಯದಂತೆ ಮಾಡಬೇಕು. ಹೀಗೆ ಹದ ಮಾಡಿದ ಹೊಲಗಳಿಗೆ ಪ್ರತಿ ಬೇಸಿಗೆಯ ಬಾಗಿಲಲ್ಲಿ ಒಂದು ಸ್ಪರ್ಧೆ. ಪಟ್ಟಣದಿಂದ ಒಬ್ಬ ತೀರ್ಪುಗಾರ ಬಂದು ಕಬ್ಬಿಣದ ಸರಳು ಚುಚ್ಚಿ ಮಣ್ಣಿನ ಆಳ ನೋಡುತ್ತಿದ್ದ, ಬೊಗಸೆಯಲ್ಲಿ ತೆಗೆದುಕೊಂಡು ನುಣುಪು ನೋಡುತ್ತಿದ್ದ, ಅಂಕ ಹಾಕುತ್ತಿದ್ದ. ಗೆದ್ದವನಿಗೆ ಬೆಳ್ಳಿ ಕಪ್.

ಹೆಡ್ಲಿ ನೋಸ್ಕಿ ಮೂರು ವರ್ಷ ಎರಡನೆಯವನಾಗಿದ್ದ. ನಾಲ್ಕನೆಯ ವರ್ಷ ಅವನ ಹೊಲ ನೋಡಿದವರು ಬೇಲಿಯ ಹೊರಗೇ ನಿಂತು ಟೋಪಿ ತೆಗೆಯುವಂತಿತ್ತು. ಅವನ ಹೆಂಡತಿ ಡಲ್ಸಿ ಮಾತ್ರ ಆ ಹೊಲವನ್ನು ನೋಡಿದಾಗಲೆಲ್ಲ ತನ್ನ ಅಡುಗೆಮನೆ ನೆನೆಯುತ್ತಿದ್ದಳು. ಹಿಟ್ಟು ಜರಡಿ ಹಿಡಿಯುವಾಗ, ಗಾಳಿಗೆ ಹಾರದಿರಲೆಂದು, ಅವಳು ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆರುನೂರು ಎಕರೆ ಜರಡಿ ಹಿಡಿದ ಈ ಗಂಡಸು ಯಾವ ಬಾಗಿಲು ಹಾಕಿಕೊಳ್ಳುತ್ತಾನೆ ಎಂಬುದು ಅವಳ ಪ್ರಶ್ನೆ.

ಇದ್ದ ಬಾಗಿಲು ಒಂದೇ. ಮನೆಯ ವಾಯವ್ಯಕ್ಕೆ ಒಂದು ಮರಳುದಿಬ್ಬ, ಅದರ ಮೇಲೆ ಇಪ್ಪತ್ತು ಎಕರೆ ಮ್ಯಾಲಿ ಮರ. ನೀಲಗಿರಿಯ ಕುಳ್ಳ ದಾಯಾದಿಗಳು ಅವು. ಒಂದೇ ಬೇರಿನಿಂದ ಏಳೆಂಟು ಕಾಂಡ, ನೋಡಲು ಒಂದು ಚಂದವಿಲ್ಲ. ಹೆಡ್ಲಿಯ ಅಪ್ಪ ಅಷ್ಟನ್ನು ಉಳಿಸಿದ್ದು ವಿವೇಕದಿಂದಲ್ಲ, ಕುದುರೆಗಳಿಂದ ರೋಲರಿನಂತೆ ಎಳೆಸಿ ಗಿಡಮರ ಮಲಗಿಸುತ್ತಿದ್ದ ಹಳೆಯ ಉಗಿಯಂತ್ರದ ಬಾಯ್ಲರ್ ಅಲ್ಲಿಗೆ ಬರುವಷ್ಟರಲ್ಲಿ ಮುರಿದುಹೋದದ್ದರಿಂದ. ಮನೆ, ನೀರಿನ ತೊಟ್ಟಿ, ಕೋಳಿಗೂಡು, ಡಲ್ಸಿಯ ಎಲೆಕೋಸು ಎಲ್ಲವೂ ಆ ಮರಗಳ ಮರೆಯಲ್ಲಿದ್ದವು. ಆ ಇಪ್ಪತ್ತು ಎಕರೆ ಹೋದರೆ ಮರಳು ಹಿತ್ತಿಲ ಬಾಗಿಲಿಗೆ ಬಂದು ಬಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ಹೆಡ್ಲಿಗೆ ಅದು ಹೊಲವಾಗಲು ಒಪ್ಪದ ಸೋಮಾರಿ ನೆಲ.

ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ಅವನು ಬಾಯಿಬಿಟ್ಟ. ಪಕ್ಕದ ಜಮೀನಿನ ಕ್ಲೆಮ್ ಟ್ರೆವೆನ ಅಲ್ಲೇ ಗಾಡಿಗೆ ಒರಗಿ ನಿಂತಿದ್ದ.

"ಈ ಸಲ ಕಪ್ ಬರಲಿ, ಆ ದಿಬ್ಬಕ್ಕೆ ಬಾಯ್ಲರ್ ಎಳೆಸ್ತೀನಿ. ಮಾತಾಡಿ ಆಯ್ತು, ಬಾಡಿಗೆಗೆ ಸಿಗುತ್ತಂತೆ."

"ಬರದಿದ್ರೆ?" ಎಂದಳು ಡಲ್ಸಿ.

"ಬರದಿದ್ರೆ ನಿನ್ನ ಮರ ನೀನೇ ಇಟ್ಕೋ. ನಾನು ಬದುಕಿರೋವರೆಗೂ ಒಂದು ಕಡ್ಡಿ ಮುಟ್ಟಲ್ಲ."

"ಕ್ಲೆಮ್, ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ಕಣಮ್ಮ. ನಿಂತಲ್ಲೇ ಮಾಡೋ ಕೆಲಸ, ಸಾಕ್ಷಿ ಹೇಳೋದು. ಅದಕ್ಕೆ ನಾನು ಯಾವಾಗ್ಲೂ ತಯಾರು."

ಕ್ಲೆಮ್ ತನ್ನ ಬಗ್ಗೆ ಸುಳ್ಳು ಹೇಳಿಕೊಂಡವನಲ್ಲ. ಅವನ ಜಮೀನು ಸೀಮೆಗೇ ನಗೆಪಾಟಲು. ಎರಡು ವರ್ಷದ ಹಿಂದಿನ ಗೋಧಿಯ ಕೂಳೆ ಇನ್ನೂ ಮೊಣಕಾಲೆತ್ತರ ನಿಂತಿತ್ತು. ಸುಡೋಣವೆಂದರೆ ಒಮ್ಮೆ ಬೆಂಕಿಪೊಟ್ಟಣ ಸಿಗಲಿಲ್ಲ, ಒಮ್ಮೆ ಬೆನ್ನು ಹಿಡಿದುಕೊಂಡಿತು. ಕೂಳೆಯ ನಡುವೆ ಮುಳ್ಳುಗಿಡ ಎದ್ದು, ಕುರಿಗಳು ಅದರೊಳಗೆ ದಾರಿ ತಪ್ಪುತ್ತಿದ್ದವು. ಅವನ ಹೊಲಕ್ಕೂ ಹೆಡ್ಲಿಯ ಹೊಲಕ್ಕೂ ನಡುವೆ ತಂತಿಬೇಲಿ. ಅಲ್ಲಿ ನಿಂತು ನೋಡಿದರೆ ಆಚೆ ಗಡ್ಡ ಬಿಟ್ಟ ಕೆನ್ನೆ, ಈಚೆ ಕ್ಷೌರ ಮಾಡಿಸಿಕೊಂಡ ಕೆನ್ನೆ.

ತೀರ್ಪಿನ ದಿನ ಗೊತ್ತಾಯಿತು. ಹಿಂದಿನ ಸಂಜೆ ಹೆಡ್ಲಿ ಅಡುಗೆಮನೆಗೆ ಬಂದು ದನಿ ತಗ್ಗಿಸಿದ.

"ನೋಡು, ಬರೋರು ಮಿಸ್ಟರ್ ಡನ್‌ಸ್ಟನ್. ಊಟ ಅಂದ್ರೆ ಪ್ರಾಣ ಬಿಡೋ ಮನುಷ್ಯ. ಹೋದ ವರ್ಷ ಕಪ್ ಗೆದ್ದೋನು ಹೊಲಕ್ಕಿಂತ ಹೆಚ್ಚು ಊಟಕ್ಕೆ ಗೆದ್ದ ಅಂತಾರೆ. ಏನೂ ಕಮ್ಮಿ ಆಗಬಾರದು. ಸಾಕು ಅಂದ್ರೂ ಬಡಿಸು."

"ಸಾಕು ಅಂದ್ರೂ?"

"ಸಾಕು ಅಂದ್ರೂ. ಹೊಟ್ಟೆ ತುಂಬಿಸೇ ಹೊಲಕ್ಕೆ ಕಳಿಸು."

"ಆಯ್ತಪ್ಪ. ನೀನು ಹೇಳಿದ ಹಾಗೇ," ಎಂದಳು ಡಲ್ಸಿ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಇಷ್ಟು ಬೇಗ ಒಪ್ಪಿದ್ದು ಹೆಡ್ಲಿಗೆ ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಹಿಂದಿನ ಸಂಜೆಯಿಂದಲೇ ಡಲ್ಸಿಯ ಮೂಗಿಗೆ ಬಡಿಯುತ್ತಿದ್ದ ವಾಸನೆ ಬೆಳಿಗ್ಗೆ ಹಾಲು ಕರೆಯಲು ಹೋದಾಗ ಗಟ್ಟಿಯಾಗಿತ್ತು. ಒಣಗಾಳಿ, ವಾಯವ್ಯದಿಂದ. ಹಸು ಹಾಲು ಬಿಗಿ ಹಿಡಿಯಿತು. ಕುರಿಗಳೆಲ್ಲ ಗಾಳಿಗೆ ಬೆನ್ನು ಹಾಕಿ ಒತ್ತಾಗಿ ನಿಂತಿದ್ದವು. ಎಂದೂ ಬಾಯಿ ಮುಚ್ಚದ ಗುಲಾಬಿ ಕಾಕಟೂ ಗಿಳಿಗಳು ಸದ್ದಿಲ್ಲದೆ ಬಂದು ದಿಬ್ಬದ ಮರಗಳೊಳಗೆ ಕೂತವು. ಧೂಳುಗಾಳಿ ಮಧ್ಯಾಹ್ನದೊಳಗೆ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಹೆಡ್ಲಿಗೂ ಇವೆಲ್ಲ ಕಾಣುತ್ತಿದ್ದವು. ಆದರೆ ಅವನು ಆ ದಿನ ಆಕಾಶ ನೋಡಲಿಲ್ಲ, ರಸ್ತೆ ನೋಡಿದ.

ಮಿಸ್ಟರ್ ಡನ್‌ಸ್ಟನ್ ಹನ್ನೊಂದಕ್ಕೆ ಬಂದರು. ಮೋಟಾರಿನಿಂದ ಮೊದಲು ಹೊಟ್ಟೆ ಇಳಿಯಿತು, ಆಮೇಲೆ ಅವರು.

"ಮೊದಲು ಹೊಲ ನೋಡಿಬಿಡೋಣ, ಮಿಸ್ಟರ್ ನೋಸ್ಕಿ. ಗಾಳಿ ಯಾಕೋ ಸರಿಯಿಲ್ಲ."

ಹೆಡ್ಲಿ "ಹೌದು ಹೌದು" ಅನ್ನುವಷ್ಟರಲ್ಲಿ ಡಲ್ಸಿ ಬಾಗಿಲಲ್ಲಿದ್ದಳು. ಒಲೆಯಿಂದ ಆಗಷ್ಟೇ ತೆಗೆದ ಮೊಲದ ಮಾಂಸದ ಕಡುಬು ಅವಳ ಕೈಯಲ್ಲಿತ್ತು. "ಹೊಲ ಎಲ್ಲಿಗೆ ಹೋಗುತ್ತೆ, ಬನ್ನಿ ಸ್ವಾಮಿ. ಇದು ಆರಿದ್ರೆ ಆಯ್ತು."

ಮಿಸ್ಟರ್ ಡನ್‌ಸ್ಟನ್ ಕಡುಬನ್ನು ನೋಡಿದರು, ಹೊಲದ ಕಡೆ ನೋಡಿದರು, ಮತ್ತೆ ಕಡುಬನ್ನು ನೋಡಿದರು. "ಹೊಲ ಎಲ್ಲಿಗೆ ಹೋಗುತ್ತೆ," ಎಂದರು ಅವರೂ.

ಆ ಸೀಮೆಯ ಮನೆಗಳಲ್ಲಿ ತಟ್ಟೆ, ಬಟ್ಟಲು ಎಲ್ಲ ಮೇಜಿನ ಮೇಲೆ ಬೋರಲು. ಕೂತ ಮೇಲೆಯೇ ಮಗುಚಬೇಕು, ಇಲ್ಲದಿದ್ದರೆ ಊಟಕ್ಕೆ ಮೊದಲು ಧೂಳು ಬಡಿಸಿರುತ್ತದೆ. ಡಲ್ಸಿ ಆ ದಿನ ಒಬ್ಬೊಬ್ಬರ ಮುಂದೆ ನಾಲ್ಕು ತಟ್ಟೆ ಬೋರಲು ಹಾಕಿದ್ದಳು. ಹೆಡ್ಲಿ ಅವನ್ನು ಒಂದು ಸಲ ಎಣಿಸಿದ, ನಂಬದೆ ಮತ್ತೊಂದು ಸಲ ಎಣಿಸಿದ.

ಕಡುಬು ಆಯಿತು. ಕುರಿಯ ತೊಡೆಮಾಂಸ ಬಂತು, ಅದರ ಜೊತೆ ಹುರಿದ ಆಲೂಗಡ್ಡೆ, ಕುಂಬಳಕಾಯಿ, ಅವಳ ಅತ್ತೆಯ ಕೈಯ ರುಚಿಯ ಹುಳಿ ಸೌತೆಕಾಯಿ.

"ಸಾಕಮ್ಮ," ಎಂದರು ಮಿಸ್ಟರ್ ಡನ್‌ಸ್ಟನ್.

"ಎಲ್ಲಿ ಸಾಕು, ನೀವು ತಿಂದಿದ್ದು ಹಕ್ಕಿ ತಿಂದ ಹಾಗಿದೆ. ನಮ್ಮೆಜಮಾನ್ರು ಆಣೆ ಇಟ್ಟಿದಾರೆ, ಸಾಕು ಅಂದ್ರೂ ಬಡಿಸು ಅಂತ. ಅಲ್ವಾ ಹೆಡ್ಲಿ?"

ಹೆಡ್ಲಿ ಕಿಟಕಿ ನೋಡುತ್ತಿದ್ದ. "ಡಲ್ಸಿ, ಅವರಿಗೆ ಮೂರು ಗಂಟೆಗೆ ಇನ್ನೊಂದು ಹೊಲ ನೋಡೋದಿದೆ."

"ಇನ್ನೂ ಹನ್ನೆರಡೂವರೆ. ಸಿಹಿ ತಿನ್ನದೆ ಎದ್ದು ಹೋದ್ರೆ ಮನೆಗೆ ಶಾಪ."

ಆವಿಯಲ್ಲಿ ಬೇಯಿಸಿದ ಪುಡಿಂಗ್ ಬಂತು, ಮೇಲೆ ಕಸ್ಟರ್ಡ್. ಅದರ ಹಿಂದೆಯೇ ಬೆಣ್ಣೆ ಸಕ್ಕರೆಯ ಪುಡಿ ಉದುರಿಸಿದ ಜರ್ಮನ್ ಕೇಕ್. ಕೇಕ್ ಕೊಯ್ಯುವಾಗ ಡಲ್ಸಿ ಚಾಕುವಿಗಿಂತ ಹೆಚ್ಚು ಗಡಿಯಾರವನ್ನೇ ನೋಡುತ್ತಿದ್ದಳು. ಒಳಗೊಳಗೆ ಅವಳಿಗೂ ಅಳುಕಿತ್ತು. ಬರುವುದು ಬರದೇ ಹೋದರೆ, ಹೊಟ್ಟೆ ತುಂಬಿದ ತೀರ್ಪುಗಾರ ನೂರಕ್ಕೆ ನೂರು ಕೊಟ್ಟುಬಿಡುತ್ತಾನೆ. ಮರಗಳನ್ನು ತನ್ನ ಕೈಯಾರೆ ಕಡಿದಂತಾಗುತ್ತದೆ.

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಕೋಣೆ ಕೆಂಪಾಯಿತು.

ಹೆಡ್ಲಿ ಎದ್ದು ನಿಂತ. ವಾಯವ್ಯದಲ್ಲಿ ನೆಲದಿಂದ ಆಕಾಶದವರೆಗೆ ಒಂದು ಇಟ್ಟಿಗೆ ಬಣ್ಣದ ಗೋಡೆ ಎದ್ದಿತ್ತು, ನಡೆಯುತ್ತಿತ್ತು. ಡಲ್ಸಿ ಬಕೆಟ್ಟಿನಲ್ಲಿ ನೆನೆಹಾಕಿದ್ದ ಹೊದಿಕೆಗಳನ್ನು ತೆಗೆದು ಕಿಟಕಿ ಬಾಗಿಲುಗಳಿಗೆ ಕಟ್ಟಿದಳು. ಅವು ಮೊದಲೇ ನೆನೆದಿದ್ದುದನ್ನು ಹೆಡ್ಲಿ ನೋಡಿದ. ದೀಪ ಹಚ್ಚುವಷ್ಟರಲ್ಲಿ ಹೊರಗೆ ಕಗ್ಗತ್ತಲು. ತಗಡಿನ ಸೂರಿನ ಮೇಲೆ ಯಾರೋ ಸೇರುಗಟ್ಟಲೆ ರಾಗಿ ಸುರಿದ ಸದ್ದು.

ಅಂಥದ್ದರಲ್ಲೂ ಮಿಸ್ಟರ್ ಡನ್‌ಸ್ಟನ್ ಕಸ್ಟರ್ಡ್ ಬಿಡಲಿಲ್ಲ. "ಏನೋ ಕರಕರ ಅನ್ನುತ್ತಲ್ಲ ಅಮ್ಮ, ಇದಕ್ಕೆ ಏನು ಹಾಕ್ತೀರಿ?"

"ನಮ್ಮೆಜಮಾನ್ರ ಹೊಲ," ಎಂದಳು ಡಲ್ಸಿ. "ನೋಡಿ, ಎಷ್ಟು ನುಣ್ಣಗಿದೆ. ಅಂಕ ಹಾಕೋದಿದ್ರೆ ಇಲ್ಲೇ ಹಾಕಬಹುದು."

ಹೆಡ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಆಗ ಮಾತ್ರ ಡಲ್ಸಿಗೆ ಅಯ್ಯೋ ಅನ್ನಿಸಿ, ಅವನ ಬಟ್ಟಲಿಗೆ ಬಿಸಿ ಚಹಾ ಬಗ್ಗಿಸಿ ಮೇಲೆ ತಟ್ಟೆ ಮುಚ್ಚಿಟ್ಟಳು.

ಎರಡೂವರೆಗೆ ಗಾಳಿ ಸಣ್ಣಗಾಯಿತು. ಮೂವರೂ ಹೊರಗೆ ಬಂದರು. ಮನೆಯ ಸುತ್ತ ಎಲ್ಲದರ ಮೇಲೂ ಕೆಂಪು ಪುಡಿ, ಕೋಳಿಗಳೂ ಕೆಂಪು. ಆದರೆ ತೊಟ್ಟಿ, ಗೂಡು, ಎಲೆಕೋಸು ಇದ್ದಲ್ಲೇ ಇದ್ದವು. ಮರಳು ದಿಬ್ಬದ ಮರಗಳ ಬುಡಕ್ಕೇ ರಾಶಿ ಬಿದ್ದು ನಿಂತಿತ್ತು.

ಹೊಲ ಮಾತ್ರ ಇರಲಿಲ್ಲ.

ಜಾಗವೇನೋ ಇತ್ತು. ಕುಂಟೆ ಮುಟ್ಟದ ಅಡಿನೆಲ, ಅಗಸನ ಕಲ್ಲಿನ ಹಾಗೆ ಗಟ್ಟಿಯಾಗಿ, ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಮಿಸ್ಟರ್ ಡನ್‌ಸ್ಟನ್ ತಮ್ಮ ಸರಳು ಚುಚ್ಚಿದರು. ಟಣ್ ಅಂದಿತು. ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಟಣ್.

"ಕಳೆ ಒಂದೂ ಇಲ್ಲ, ಅದನ್ನ ಒಪ್ಪಬೇಕು," ಎಂದರು ಅವರು, ಮನಸ್ಸು ನೋಯಿಸಬಾರದೆಂದು. "ಆದ್ರೆ ಮಿಸ್ಟರ್ ನೋಸ್ಕಿ, ಮಣ್ಣಿಗೆ ಅಂಕ ಕೊಡೋಕೆ ಮಣ್ಣು ಬೇಕಲ್ಲ."

"ಮಣ್ಣಾ? ಮಣ್ಣು ಇಲ್ಲಿದೆ ಬನ್ನಿ," ಎಂದಿತು ಬೇಲಿಯ ಕಡೆಯಿಂದ ಒಂದು ದನಿ.

ಬೇಲಿಯೂ ಇರಲಿಲ್ಲ. ಕಂಬಗಳ ತುದಿ ಮಾತ್ರ ಗೇಣುದ್ದ ಕಾಣುತ್ತಿತ್ತು. ಅಂಥ ಒಂದು ತುದಿಯ ಮೇಲೆ ಕ್ಲೆಮ್ ಸ್ಟೂಲಿನ ಮೇಲೆ ಕೂತಂತೆ ಕೂತಿದ್ದ. ಅವನ ಹಿಂದೆ, ಆ ಮುಳ್ಳು ಮತ್ತು ಕೂಳೆಯ ಕಾಡಿನೊಳಗೆ, ಹೆಡ್ಲಿಯ ಇಡೀ ವರ್ಷದ ದುಡಿಮೆ ಸಾಲುಸಾಲಾಗಿ, ಹಾಸಿಗೆ ಹಾಸಿದಂತೆ ಮಲಗಿತ್ತು. ಮಿಸ್ಟರ್ ಡನ್‌ಸ್ಟನ್ ಅಭ್ಯಾಸಬಲದಿಂದ ಅಲ್ಲಿ ಸರಳು ಚುಚ್ಚಿದರು. ಅದು ಅವರ ಮುಷ್ಟಿಯವರೆಗೆ ಇಳಿಯಿತು.

"ಒಂಬತ್ತು ಅಂಗುಲ!" ಎಂದರು ಅವರು ಮೈಮರೆತು.

"ಬರ್ಕೊಳ್ಳಿ, ಬರ್ಕೊಳ್ಳಿ," ಎಂದ ಕ್ಲೆಮ್. "ಟ್ರೆವೆನ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಎರಡು ಎನ್."

"ಅದು ನನ್ನ ಮಣ್ಣು ಕಣೋ," ಎಂದ ಹೆಡ್ಲಿ.

"ಗೊತ್ತು ಮಾರಾಯ. ನಾನು ಕರೀಲಿಲ್ಲ, ಅದೇ ಬಂತು. ಸ್ವಲ್ಪ ನನ್ನಲ್ಲಿ ತಂಗಿದೆ, ಮಿಕ್ಕಿದ್ದು ಮುಂದೆ ಹೋಯ್ತು. ನಾಳೆ ಮೆಲ್ಬರ್ನಿನ ಹೆಂಗಸರು ಒಗೆದ ಬಟ್ಟೆ ಮತ್ತೆ ಒಗೀತಾ ನಿನ್ನ ನೆನೆಸ್ಕೋತಾರೆ. ಅಲ್ಲಿಂದ ಸಮುದ್ರ ದಾಟಿ ನ್ಯೂಜಿಲೆಂಡಿನ ಹಿಮದ ಮೇಲೆ ಕೂತ್ಕೊಳ್ಳುತ್ತಂತೆ. ನೀನು ರೈಲೇ ಹತ್ತಿಲ್ಲ, ನಿನ್ನ ಹೊಲ ಪರದೇಶ ನೋಡ್ತು."

ಮಿಸ್ಟರ್ ಡನ್‌ಸ್ಟನ್ ತಿರುಗಿ ನಿಂತು ಕೆಮ್ಮಿದರು. ಅದು ಧೂಳಿನ ಕೆಮ್ಮಲ್ಲ. ಆಮೇಲೆ ಡಲ್ಸಿಯ ಕೈ ಕುಲುಕಿ, ಕೇಕಿನ ಎರಡು ತುಂಡು ಕಾಗದದಲ್ಲಿ ಕಟ್ಟಿಸಿಕೊಂಡು ಹೊರಟರು. ಕಪ್ ಇಪ್ಪತ್ತು ಮೈಲಿಯಾಚೆಯ ಒಬ್ಬನಿಗೆ ಹೋಯಿತು. ಅವನ ಹೊಲ ಗಾಳಿಯ ದಾರಿಗೆ ಸಿಕ್ಕಿರಲಿಲ್ಲ. ಹದಿನಾರು ದಿನದ ಮೇಲೆ ಸಿಕ್ಕಿತು.

ಹೆಡ್ಲಿ ಬೇಲಿಯಿದ್ದ ಜಾಗ ಬಿಟ್ಟು ಕದಲಲಿಲ್ಲ. ವಾಯವ್ಯದ ಬಿಸಿಗಾಳಿಯ ಹಿಂದೆ ದಕ್ಷಿಣದ ತಂಪುಗಾಳಿ ಬರುವುದು ಅಲ್ಲಿನ ರೂಢಿ. ನಾಲ್ಕು ಗಂಟೆಗೆ ಬಂತು ಕೂಡ, ಅಂಗಿ ಹರಿಯುವಷ್ಟು ಜೋರಾಗಿ, ನೇರ ಕ್ಲೆಮ್‌ನ ಹೊಲದಿಂದ ಹೆಡ್ಲಿಯ ಹೊಲದ ಕಡೆಗೆ. ಹೆಡ್ಲಿಯ ಮುಖ ಅರಳಿತು. ಡಲ್ಸಿ ಅವನ ಕೋಟು ಹಿಡಿದುಕೊಂಡು ಬಂದಳು.

"ಏನು ಮಾಡ್ತಿದೀಯ?"

"ಕಾಯ್ತಿದೀನಿ. ಹೋಗಿದ್ದು ವಾಪಸ್ ಬರಬೇಕಲ್ಲ."

ಅವಳೂ ಪಕ್ಕದಲ್ಲಿ ನಿಂತಳು. ಗಾಳಿ ಕೂಳೆಯ ಮೇಲೆ ಸೀಟಿ ಹೊಡೆಯುತ್ತ ಹೋಯಿತು, ಮುಳ್ಳುಗಿಡಗಳನ್ನು ಬಗ್ಗಿಸಿತು, ಕ್ಲೆಮ್‌ನ ಟೋಪಿ ಹಾರಿಸಿತು. ಮಣ್ಣು ಮಾತ್ರ ಕೂಳೆಯ ಕಾಲು ಹಿಡಿದುಕೊಂಡು ಕೂತಲ್ಲೇ ಕೂತಿತ್ತು. ಒಂದು ಬೊಗಸೆ ಏಳಲಿಲ್ಲ. ಕ್ಲೆಮ್‌ನ ಏಳೆಂಟು ಕುರಿಗಳು ಹೂತುಹೋದ ಬೇಲಿಯ ಮೇಲೆ ನಡೆದು ಹೆಡ್ಲಿಯ ಕಡೆ ಬಂದವು, ಬರೀ ನೆಲ ಮೂಸಿದವು, ಸರಿಬರಲಿಲ್ಲವೆಂದು ವಾಪಸ್ ಹೋದವು.

ಆರರವರೆಗೂ ಹೆಡ್ಲಿ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ನಮ್ಮ ಮದುವೇಲೂ ಎರಡು ಸಿಹಿ ಮಾಡಿರಲಿಲ್ಲ ನೀನು."

"ಸಾಕು ಅಂದ್ರೂ ಬಡಿಸು ಅಂದೋರು ಯಾರು?"

"ಹೊದಿಕೆ ಬೆಳಿಗ್ಗೇನೇ ನೆನೆಹಾಕಿದ್ದೆ ನೀನು."

"ಹಾಕಿದ್ದೆ," ಎಂದಳು ಡಲ್ಸಿ. ಸುಳ್ಳು ಹೇಳುವ ಮನಸ್ಸಿರಲಿಲ್ಲ. "ಗಾಳಿ ನಾನು ತರಿಸಿದ್ದಲ್ಲ ಹೆಡ್ಲಿ. ಹನ್ನೊಂದಕ್ಕೇ ಆ ತೀರ್ಪುಗಾರರನ್ನ ಹೊಲಕ್ಕೆ ಬಿಟ್ಟಿದ್ರೆ ಕಪ್ ನಿನ್ನದಾಗ್ತಿತ್ತು, ಒಂದು ಗಂಟೆಗೆ ಹೊಲ ಹೀಗೇ ಹೋಗ್ತಿತ್ತು. ನಾಳೆ ಮರಾನೂ ಹೋಗ್ತಿತ್ತು. ಕಪ್ ಹಿಡ್ಕೊಂಡು ಏನು ಮಾಡ್ತಿದ್ದೆ, ಅದರಲ್ಲಿ ಗೋಧಿ ಬಿತ್ತುತಿದ್ಯಾ?"

ದಿಬ್ಬದ ಮೇಲೆ ಕಾಕಟೂಗಳು ಮತ್ತೆ ಬಾಯಿಬಿಟ್ಟು ಜಗಳ ಶುರುಮಾಡಿದ್ದವು. ಹೆಡ್ಲಿ ಅತ್ತ ನೋಡಿ, "ಬಾಯ್ಲರ್ ಬೇಡ ಅಂತ ಹೇಳಿ ಕಳಿಸ್ತೀನಿ," ಎಂದ. ಕೋಟು ಹಾಕಿಕೊಂಡ. ಒಂದೆರಡು ಹೆಜ್ಜೆ ಮನೆಯ ಕಡೆ ಇಟ್ಟವನು ನಿಂತ, ತಿರುಗಿದ, ಗಂಟಲು ಸರಿಮಾಡಿಕೊಂಡ. ಮುಂದಿನ ಮಾತು ಹೊರಡಿಸಲು ಅವನಿಗೆ ಆರುನೂರು ಎಕರೆ ಉಳುವಷ್ಟು ಕಷ್ಟವಾಯಿತು.

"ಕ್ಲೆಮ್, ಆ ಕೂಳೆ... ಎಷ್ಟು ಎತ್ತರ ಬಿಡ್ತೀಯ ನೀನು?"

ಕ್ಲೆಮ್ ಮುಳ್ಳಿನಲ್ಲಿ ಸಿಕ್ಕಿಕೊಂಡಿದ್ದ ಟೋಪಿ ಬಿಡಿಸಿಕೊಳ್ಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಬೇಸಾಯದ ಮಾತನ್ನು ಅವನಲ್ಲಿ ಯಾರೂ ಕೇಳಿರಲಿಲ್ಲ. ಟೋಪಿ ಕೊಡವಿ ತಲೆಗಿಟ್ಟುಕೊಂಡು, ಪಾಠ ಹೇಳುವ ಮೇಷ್ಟರ ಗತ್ತಿನಲ್ಲಿ ಎದೆಯ ಮೇಲೆ ಕೈಕಟ್ಟಿದ.

"ಅದು ಅಷ್ಟು ಸುಲಭಕ್ಕೆ ಬರೋ ವಿದ್ಯೆ ಅಲ್ಲ ಹೆಡ್ಲಿ," ಎಂದ. "ಮೊದಲು ಬೆಳಿಗ್ಗೆ ತಡವಾಗಿ ಏಳೋದು ಕಲಿ."