ಸಮುದ್ರದ ತಾಲೀಮು

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ಮಚ್ಛೇಂದ್ರನನ್ನು ಮೀರಿಸುವವರು ಇಡೀ ಬೀದರಿನಲ್ಲಿ ಇರಲಿಲ್ಲ. ಸಮುದ್ರ ಇನ್ನೂ ಎಲ್ಲೋ ಇತ್ತು, ಮರಳಿನಲ್ಲಿ ನಡೆಯುವ ಚಪ್ಪಲಿಗಳು ಮಾತ್ರ ಆಗಲೇ ಮನೆಗೆ ಬಂದು ಕೂತಿದ್ದವು. ಅವನು ಹಾಕಿಟ್ಟ ಹಾದಿ ಹೀಗಿತ್ತು: ಸೊಲ್ಲಾಪುರ, ಕೊಲ್ಹಾಪುರ ದಾಟಿ, ಘಾಟು ಇಳಿದು ಮಾಲವಣ. ಅಲ್ಲಿ ನೀರಿನ ನಡುವಿನ ಕೋಟೆಗೆ ದೋಣಿ. ಆಮೇಲೆ ಕರಾವಳಿಗುಂಟ ಸಣ್ಣ ರಸ್ತೆ ಹಿಡಿದು ಕಾರವಾರ, ಕೂರ್ಮಗಡದ ನಡುಗಡ್ಡೆ. ಕೊನೆಗೆ ಗೋಕರ್ಣದ ಗುಡ್ಡ ಹತ್ತಿಳಿಯುತ್ತ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ನಡಿಗೆ. ಬಸ್ಸು ಹೋಗದ ಜಾಗಗಳೇ ಬೇಕೆಂದು ಅವನ ಹಟ. ಇಲಾಖೆಯ ಜೀಪು ಓಡಿಸುತ್ತಿದ್ದಾಗ ಒಮ್ಮೆ ಸಾಹೇಬರನ್ನು ಕಾರವಾರಕ್ಕೆ ಕರೆದೊಯ್ದು ಬಂದಿದ್ದ. ಅಂದಿನಿಂದ ಹೆಂಡತಿಗೆ ಸಮುದ್ರದ ಆಸೆ ಹಚ್ಚುತ್ತಲೇ ಬಂದಿದ್ದ. ಜಿಜಾಬಾಯಿ ಕಂಡ ದೊಡ್ಡ ನೀರೆಂದರೆ ಕಾರಂಜಾ ಡ್ಯಾಮು.

ಈಗ ಹೊರಡಬೇಕಿದ್ದ ಮೇ ತಿಂಗಳು ಹತ್ತಿರ ಬಂದಿತ್ತು, ಜಿಜಾಬಾಯಿಯ ನಿದ್ದೆ ಹಾರಿಹೋಗಿತ್ತು. ಗಂಡ ಚಹಾದ ಕಪ್ಪನ್ನು ಕೈಯಿಂದ ತಡವಿ ಹುಡುಕುತ್ತಿದ್ದ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತು ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದ. ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಮೂಗಿನ ತುದಿಗೆ ಸಿಟ್ಟು. ಮನೆಯ ಕಾರಿನ ಚಾವಿ ಮಾತ್ರ ಅವನ ಅಂಗಿಯ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಭಾಲ್ಕಿಯ ಶಾಲೆಯಲ್ಲಿ ಟೀಚರಾಗಿದ್ದ ಮಗಳು ಆಮ್ರಪಾಲಿ ಲೈಸೆನ್ಸ್ ಇದ್ದವಳು. ಅರ್ಧ ದಾರಿ ತಾನು ಓಡಿಸುತ್ತೇನೆ ಎಂದರೆ, "ಘಾಟದಾಗ ನಿನ್ನ ಕೈಲೆ ಆಗಲ್ಲವ್ವಾ" ಎಂದು ಬಾಯಿ ಮುಚ್ಚಿಸಿದ್ದ.

ಮಗಳಿಗೆ ಹೇಳಿದರೆ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ಮೂವರ ಜೀವ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿದ್ದ ಜಿಜಾಬಾಯಿ ಕೊನೆಗೆ ಒಂದು ಉಪಾಯ ಹೂಡಿದಳು.

"ಅಷ್ಟು ದೂರ ಹೋಗೂದರ ಮೊದಲ ಒಂದು ತಾಲೀಮ್ ಆಗ್ಲಿರಿ. ಔರಾದಕ್ಕ ಹೋಗಿ, ಕಮಲನಗರ, ಭಾಲ್ಕಿ ಸುತ್ತ ಹೊಡದು ಬರೋಣ."

ದಾರಿಯಲ್ಲಿ ಎಲ್ಲಾದರೂ ತಪ್ಪು ಮಾಡುತ್ತಾನೆ, ಮಗಳೇ ಕಾಣುತ್ತಾಳೆ, ತಾನು ಬಾಯಿ ಬಿಡುವ ಗರಜಿಲ್ಲ ಎಂದು ಅವಳ ಎಣಿಕೆ. ಜಾಣತನ ಎಂದುಕೊಂಡಿದ್ದಳು. ಶುದ್ಧ ಪೆದ್ದತನವಾಗಿತ್ತು ಅದು, ಏಕೆಂದರೆ ಜೀಪಿನ ಮೇಲೆ ತಲೆ ಹಣ್ಣಾದವನಿಗೆ ಆ ರಸ್ತೆಗಳೆಲ್ಲ ಬಾಯಿಪಾಠ.

ಐತವಾರ ಬೆಳಿಗ್ಗೆ ಹೊರಟರು. ಮಚ್ಛೇಂದ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗಾಡಿ ಓಡಿಸಿದ. "ಈಗ ಸಂತಪುರ ಬರ್ತದ" ಎನ್ನುವನು, ಬರುತ್ತಿತ್ತು. "ಈಗ ಎಡಕ್ಕ ತಿರುವು" ಎನ್ನುವನು, ತಿರುವು ಇರುತ್ತಿತ್ತು. ಹಿಂದೆ ಕೂತ ಆಮ್ರಪಾಲಿ ಖುಷಿಯಾಗಿ, "ಅಪ್ಪಾಗ ಮ್ಯಾಪೇ ಬ್ಯಾಡ ನೋಡವ್ವಾ" ಎಂದಳು.

ಮುಂದೆ ಕೂತ ಜಿಜಾಬಾಯಿಯ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಬದಿಯ ಕನ್ನಡಿಯನ್ನು ಅವನು ಒಮ್ಮೆಯೂ ನೋಡಲಿಲ್ಲ. ಕಮಲನಗರ ದಾಟಿದ ಮೇಲೆ ಬೈಕೊಂದು ಪಕ್ಕದಿಂದ ನುಗ್ಗಿದಾಗ ಅದು ಕಣ್ಣೆದುರು ಬರುವ ತನಕ ಅವನಿಗೆ ಗೊತ್ತೇ ಆಗಲಿಲ್ಲ. ಗಾಡಿ ಓಲಾಡಿತು. "ಹಲ್ಕಟ್ ಹುಡುಗ್ರು" ಎಂದು ಬೈದ. ಅವಳು ಸೀಟಿನ ಅಂಚು ಬಿಗಿಯಾಗಿ ಹಿಡಿದಳು, ಕೂಗಲಿಲ್ಲ. ಮದುವೆಯಾದ ಹೊಸತರಲ್ಲೇ ಅವನು ಹಾಕಿಕೊಟ್ಟ ಕಟ್ಟಳೆಯೊಂದಿತ್ತು: ಬಾಜೂಕ ಕುಂತವರು ಒದರಿದ್ರ ಡ್ರೈವರನ ಕೈ ಕೆಡ್ತದ. ಆ ಕಟ್ಟಳೆಯನ್ನು ಅವಳು ಇಂದಿನವರೆಗೂ ಮುರಿದಿರಲಿಲ್ಲ.

ಭಾಲ್ಕಿ ಸಮೀಪಿಸುತ್ತಿದ್ದಂತೆ ಗಾಡಿ ಒಂದು ಉಬ್ಬು ಹತ್ತಿ ಇಳಿಯಿತು. ಮಚ್ಛೇಂದ್ರನ ಮುಖ ಅರಳಿತು.

"ಬಂತ ನೋಡು ಜಿಜಾ, ನಿನ್ನ ಬೇವಿನ ಗಿಡ. ಈ ವರ್ಷ ಏನ್ ಹೂ ಬಿಟ್ಟದ ನೋಡು."

ಜಿಜಾಬಾಯಿ ನೋಡಿದಳು. ಪ್ರತಿ ಸಲ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದ ಆ ಮರವನ್ನು ರಸ್ತೆ ಅಗಲ ಮಾಡುವವರು ಸಂಕ್ರಾಂತಿ ಕಳೆದ ಮೇಲೆ ಕಡಿದಿದ್ದರು. ಬಸ್ಸಿನಲ್ಲಿ ಹೋಗುವಾಗ ನೋಡಿ ಅವಳು ಮರುಗಿದ್ದಳು. ಈಗ ಅಲ್ಲಿ ಬಿಸಿಲಿನಲ್ಲಿ ಒಂದು ಬೊಡ್ಡೆ ಮಾತ್ರ ಇತ್ತು. ಹಿಂದೆ ಆಮ್ರಪಾಲಿಯ ನಗು ಥಟ್ಟನೆ ನಿಂತಿತು. ತಾಯಿ ತಿರುಗಿ ಮಗಳ ಮುಖ ನೋಡಿದಳು. ಮಗಳಿಗೂ ತಿಳಿದುಹೋಗಿತ್ತು.

ಮಚ್ಛೇಂದ್ರ ರೂಢಿಯಂತೆ ಇಲ್ಲದ ನೆರಳಿಗೆಂದು ಗಾಡಿಯನ್ನು ಎಡಕ್ಕೆ ಎಳೆದ. ಆ ಎಡಬದಿಯಲ್ಲೇ ಹೆಂಗಸೊಬ್ಬಳು ಕುರಿ ಹೊಡೆದುಕೊಂಡು ಬರುತ್ತಿದ್ದಳು.

"ನಿಂದರಸ್ರಿ, ಗಾಡಿ ನಿಂದರಸ್ರಿ."

ಜಿಜಾಬಾಯಿ ಇಷ್ಟು ವರ್ಷ ನುಂಗಿದ್ದೆಲ್ಲ ಆ ಒಂದು ಕೂಗಿನಲ್ಲಿ ಹೊರಬಂತು. ಬ್ರೇಕು ಕಿರುಗುಟ್ಟಿತು. ಮುಂದಿಟ್ಟಿದ್ದ ಪುಟ್ಟ ಬುದ್ಧನ ಮೂರ್ತಿ ಗಾಜಿಗೆ ಬಡಿದು ಪುಟಿದು ಅವಳ ಮಡಿಲಿಗೆ ಬಿತ್ತು. ಕುರಿಗಳು ಚೆಲ್ಲಾಪಿಲ್ಲಿಯಾದವು. ಕುರಿಗಾರ್ತಿ ಬಂಪರಿನ ಮುಂದಿನಿಂದ ಒಂದು ಮರಿಯನ್ನು ಬಾಚಿ ಎತ್ತಿಕೊಂಡು, ಕೋಲಿನಿಂದ ಗಾಡಿಗೆ ಬಡಿದಳು.

"ಏ, ಕಣ್ಣು ಕಾಣಲ್ಲೇನೋ ನಿನಗ?"

ರಸ್ತೆಯ ಮೇಲೆ ದಿನಾ ಯಾರೋ ಯಾರಿಗೋ ಎಸೆಯುವ ಮಾತು ಅದು. ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ, ಅದಕ್ಕಿಂತ ಖಾರವಾದ ಮಾತೊಂದನ್ನು ತಿರುಗಿ ಎಸೆಯುತ್ತಾರೆ. ಮಚ್ಛೇಂದ್ರನ ಬಳಿ ಅಂಥ ಮಾತುಗಳಿಗೆ ಬರಗಾಲ ಇರಲಿಲ್ಲ. ಅಂಥದ್ದೊಂದು ಈಗ ಬರುತ್ತದೆಂದು ಜಿಜಾಬಾಯಿ ಕಾದಳು. ಅವನು ಸ್ಟೇರಿಂಗ್ ಹಿಡಿದ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ.

"ಇಲ್ಲವ್ವಾ" ಎಂದ. "ಕಾಣಲ್ಲ."

ಎತ್ತಿದ ಕೋಲು ಕೆಳಗಿಳಿಯಿತು. ಆ ಹೆಂಗಸು ಜಿಜಾಬಾಯಿಯ ಮುಖವನ್ನೊಮ್ಮೆ ನೋಡಿ, "ಮರಿಗೇನೂ ಆಗಿಲ್ಲ ಬಿಡ್ರಿ" ಎಂದು ಕುರಿಗಳ ಹಿಂದೆ ಹೋದಳು.

"ಬಾಜೂದ್ದು ಏನೂ ಕಾಣ್ಲತ್ತಿಲ್ಲ" ಎಂದ ಮಚ್ಛೇಂದ್ರ, ಯಾರೂ ಕೇಳದಿದ್ದರೂ. "ನಡುವಿಂದು ಒಂದಿಷ್ಟು ಉಳದದ. ನಿಮಗ ಹೇಳದ ಹೋಗಿ ತೋರಿಸಿ ಬಂದೀನಿ. ಹೋದದ್ದು ತಿರುಗಿ ಬರಲ್ಲಂತ. ಇದ್ದದ್ದು ಎಷ್ಟು ದಿನಾನೋ ಹೇಳಾಕ ಆಗಲ್ಲ ಅಂದಾರ ಡಾಕ್ಟರು."

ಜಿಜಾಬಾಯಿಗೆ ಮೊದಲು ಬಂದದ್ದು ಅಳುವಲ್ಲ, ಮೈ ಉರಿಯುವ ಸಿಟ್ಟು. "ಗೊತ್ತಿದ್ದೂ ನಮ್ಮನ್ನ ಘಾಟ ಇಳಸ್ತಿದ್ರೇನು? ಮಗಳು ಹಿಂದ ಕುಂತಾಳ್ರಿ."

"ಸಮುದ್ರ ನಾ ನೋಡೀನಿ ಜಿಜಾ. ನೀ ಸಮುದ್ರ ನೋಡೂದು ನೋಡಬೇಕಿತ್ತು. ಅಷ್ಟಕ್ಕ ಸಾಕಾಗೂವಷ್ಟು ಅದ ಅನ್ಕೊಂಡಿದ್ದೆ."

ಆಮ್ರಪಾಲಿ ಮುಖ ಮುಚ್ಚಿಕೊಂಡಳು. ಜಿಜಾಬಾಯಿಯ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಮೇಲೆಯೇ ಕಣ್ಣೀರು ಬಂತು. ಅವಳು ಅಂಗೈ ಚಾಚಿದಳು.

"ಚಾವಿ ಕೊಡ್ರಿ."

ಅವನು ಚಾವಿ ಕಿತ್ತು ಕೊಡಲು ಹೋದ. ಅದು ಅವಳ ಅಂಗೈ ತಪ್ಪಿ ಆಚೆ ಹೋಗುತ್ತಿತ್ತು. ಅವಳೇ ಕೈಯನ್ನು ಸರಿಸಿ ಅದರ ಕೆಳಗೆ ಹಿಡಿದಳು. ಹಾಗೇ ಮಗಳಿಗೆ ದಾಟಿಸಿದಳು.

"ಮೇ ತಿಂಗಳ ತನಕ ಕಾಯೂದು ಬ್ಯಾಡ ಪಾಲಿ. ನಿಮ್ಮ ಸಾಲಿ ಪರೀಕ್ಷಿ ಮುಗದ ಮರುದಿನಾನೇ ಹೊಂಡೋಣ. ಘಾಟ ನೀನೇ ಇಳಸು."

ಗಂಡ ಹೆಂಡತಿ ಹಿಂದೆ ಕೂತರು. ಆಮ್ರಪಾಲಿ ಕಣ್ಣೊರೆಸಿಕೊಂಡು ಸೀಟು ಸರಿಮಾಡಿಕೊಂಡಳು. ಬಾಯಿಪಾಠದ ದಾರಿಯಲ್ಲಿ ಮೊದಲ ಸಲ ಕೈ ಖಾಲಿ ಇಟ್ಟುಕೊಂಡು ಕೂತ ಮಚ್ಛೇಂದ್ರ ಕೇಳಿದ, "ಆ ಗಿಡ ಕಡದಾರೇನು?"

"ಸಂಕ್ರಾಂತಿ ಆದಮ್ಯಾಲ ಕಡದಾರ್ರಿ."

"ನನಗ್ಯಾರೂ ಹೇಳಲಿಲ್ಲ."

"ನೀವು ಹೇಳಿದ್ರೇನು ನಮಗ?"

ಗಾಡಿ ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಜಿಜಾಬಾಯಿ ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು, ನೇರ ಎದುರಿಗೆ ಬರುವ ಹಾಗೆ.

"ಅಲ್ಲಿ ನೀವು ಸಮುದ್ರಕ್ಕ ಬೆನ್ನು ಮಾಡಿ ನಿಂದರ್ರಿ" ಎಂದಳು. "ನಾ ನಿಮ್ಮ ಎದುರಿಗಿ ನಿಂತು ಅದನ್ನ ನೋಡ್ತೇನಿ."