ಉಗುಳಿನ ಬಟ್ಟಲು

ಬಸವಂತಮ್ಮ ಬೆಳಗಿನಿಂದ ಮೂರನೆಯ ಸಲ ಪಡಸಾಲೆಗೆ ಬಂದು, ಅತ್ತೆ ವೀರಭದ್ರಮ್ಮನ ಮಗ್ಗುಲಲ್ಲಿದ್ದ ಹಿತ್ತಾಳೆ ಬಟ್ಟಲನ್ನು ಬಗ್ಗಿ ನೋಡಿದಳು. ಮತ್ತೆ ತುಂಬುತ್ತಿತ್ತು. ಉಪವಾಸವೆಂದರೆ ಪೋತ್ನಾಳದಲ್ಲಿ ಬೇರೆಯವರು ಅನ್ನ ಬಿಟ್ಟಾರು, ನೀರೂ ಬಿಟ್ಟಾರು. ಈ ಮುದುಕಿ ಬಾಯಲ್ಲಿ ಊರಿದ ಉಗುಳನ್ನೂ ನುಂಗುವವಳಲ್ಲ. ಎಂಜಲು ಒಳಗೆ ಹೋದರೆ ವ್ರತ ಕೆಟ್ಟಿತು ಎಂಬ ಹಟ. ಅಕ್ಕಿ ಗಿರಣಿ ನಡೆಸುವ ಮಗನೇ ಅವಳ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ.

ವ್ರತ ಹಿಡಿದದ್ದು ಸೊಸೆಗಾಗಿ. ಅವಳ ಮೂರು ಬಸಿರು ನಿಲ್ಲದೆ ಹೋಗಿದ್ದವು. ಆ ಮೂರಕ್ಕೂ ಅತ್ತೆ ಹೀಗೆಯೇ ಉಪವಾಸವಿದ್ದಳು. ಇದು ನಾಲ್ಕನೆಯದು, ಆರನೇ ತಿಂಗಳು. ಸಾವಿರದ ಒಂಬೈನೂರ ಎಂಬತ್ನಾಲ್ಕರ ಆ ಶ್ರಾವಣವಿಡೀ ಹಗಲು ಏನೂ ಇಲ್ಲ, ಸಂಜೆಗೆ ಒಂದು ಲೋಟ ಹಾಲು. ಹನ್ನೆರಡನೇ ದಿನಕ್ಕೆ ಹೊಟ್ಟೆಯಲ್ಲಿ ಉರಿ ಎದ್ದು, ಮಲ ಡಾಂಬರಿನ ಹಾಗೆ ಕಪ್ಪಾಯಿತು. ನನ್ನ ಕೂಸಿಗಾಗಿ ಈ ಜೀವ ಹೋದರೆ ಆ ಕೂಸಿನ ಮುಖ ಹೇಗೆ ನೋಡಲಿ ಎಂದು ಬಸವಂತಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂದಿನಿಂದ ಅವಳೂ ಸರಿಯಾಗಿ ಉಂಡಿರಲಿಲ್ಲ.

ನಿನ್ನೆ ಹೇಗೋ ಪುಸಲಾಯಿಸಿ ಬಸ್ಸು ಹತ್ತಿಸಿ ರಾಯಚೂರಿಗೆ ಕರೆದೊಯ್ದಿದ್ದಳು. ಉಪವಾಸ ಬಿಡಬೇಕೆಂದು ಡಾಕ್ಟರು ಹೇಳಿದರು. ವೀರಭದ್ರಮ್ಮ ಕಿಟಕಿಯತ್ತ ಮುಖ ತಿರುಗಿಸಿದಳು. ಅವರು ಸೋತು, ಸಂಜೆ ಹಾಲಿನ ಜೊತೆಗೆಂದು ಔಷಧ ಬರೆದುಕೊಟ್ಟು, ಸೊಸೆಯನ್ನು ಬದಿಗೆ ಕರೆದರು.

"ಹೊಟ್ಟಿ ಖಾಲಿ ಇದ್ದಷ್ಟೂ ಕರುಳಿನ ಒಳಪದರ ಸವೀತದ ನೋಡಮ್ಮ. ಅದನ್ನ ತಿರುಗಿ ಬೆಳಸೋ ಅಂಶ ಉಗುಳಿನಾಗೇ ಅದ ಅಂತ ಈಚೆಗೆ ಓದೀನಿ. ಇವರು ಅದನ್ನೂ ಹೊರಗ ಚೆಲ್ಲಾಕತ್ತಾರ. ಉಗುಳಾದ್ರೂ ನುಂಗಸು. ಕಪ್ಪು ಅಂದ್ರ ಒಳಗ ರಕ್ತ ಸೋರಾಕತ್ತದ; ಎರಡು ದಿನದಾಗ ಅದು ನಿಲ್ಲಲಿಲ್ಲಂದ್ರ ಹೊತ್ಕೊಂಡಾದ್ರೂ ಬಾ, ಅಡ್ಮಿಟ್ ಮಾಡೂಣು."

ನುಂಗಿಸುವುದು ಹೇಗೆ? ಅಂಶಗಿಂಶ ಎಂದರೆ ಕೇಳುವ ಪೈಕಿಯಲ್ಲ ಆಕೆ. ಬಸವಂತಮ್ಮ ಹಿತ್ತಲಿಗೆ ಹೋದಳು, ಒಳಗೆ ಬಂದಳು, ಒಗೆದ ಸೀರೆಯನ್ನೇ ಮತ್ತೆ ಒಗೆದಳು. ದೇವರ ಕೋಣೆಯಲ್ಲಿ ಪೂಜೆಯ ಸಾಮಾನು ಒರೆಸುವಾಗ ಕೈ ನಿಂತಿತು. ಲಿಂಗಕ್ಕೆ ಎರೆದ ನೀರನ್ನು, ಆ ಪಾದೋದಕವನ್ನು, ಅತ್ತೆ ದಿನಾ ಬೆಳಿಗ್ಗೆ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದಳು. ಅದು ವ್ರತಕ್ಕೆ ಅಡ್ಡಿಯಲ್ಲ.

ಓಡಿ ಬಂದು ಅತ್ತೆಯ ಎದುರು ಕೂತಳು.

"ಅತ್ತಿ, ಮುಂಜಾನಿ ಪಾದೋದಕ ತೊಗೊಂಡ್ರಿಲ್ಲ?"

"ಅದನ್ನ ಬಿಡ್ತೀನೇನು?"

"ಅದು ಬಿದ್ದ ನಾಲಿಗಿ ಮ್ಯಾಲ ಊರೂದು ಎಂಜಲು ಹೆಂಗಾತ್ರಿ? ಪ್ರಸಾದ ಅಲ್ಲೇನ್ರಿ? ನೀವು ಅದನ್ನ ಬಟ್ಟಲಾಗ ಉಗುಳಾಕತ್ತೀರಿ."

ವೀರಭದ್ರಮ್ಮ ಬಟ್ಟಲನ್ನು ನೋಡಿದಳು. ಬಾಯಿ ತುಂಬಿತ್ತು. ಉಗುಳಲೂ ಆಗದೆ ಮಾತಾಡಲೂ ಆಗದೆ ಗಲ್ಲ ಉಬ್ಬಿಸಿಕೊಂಡು ಕೂತಿದ್ದವಳು, ಕೊನೆಗೆ ಕಣ್ಣು ಮುಚ್ಚಿ ನುಂಗಿದಳು.

"ಇಷ್ಟು ವರ್ಷ ಉಗುಳೀನಿ," ಎಂದಳು. "ಆ ಮೂರು ಕೂಸು ಅದಕ್ಕ ಹೋದುವೇನು ಬೇ?"

ಬಸವಂತಮ್ಮ ಇದನ್ನು ಎಣಿಸಿರಲಿಲ್ಲ. ಹೊಟ್ಟೆಯ ಉರಿ ಆರಿಸಲು ಹೋಗಿ ಎದೆಗೆ ಹಚ್ಚಿದೆನಲ್ಲ ಎಂದು ಅತ್ತೆಯ ಕೈ ಹಿಡಿದಳು.

"ಇಲ್ಲ ಯವ್ವಾ. ಅವು ನಿಮ್ಮಿಂದ ಹೋಗಿಲ್ಲ," ಎಂದಳು. ಅತ್ತೆ ನಂಬಿದಂತೆ ಕಾಣಲಿಲ್ಲ.

ಬಸವಂತಮ್ಮ ಬಟ್ಟಲನ್ನೆತ್ತಿ ಹಿತ್ತಲಿಗೆ ಹಾಕಿ ಬಂದಳು. ಆಮೇಲೆ ಉಪವಾಸವಿದ್ದವರ ಎದುರು ಯಾವ ಸೊಸೆಯೂ ಮಾಡಬಾರದ್ದನ್ನು ಮಾಡಿದಳು. ಜೋಳದ ರೊಟ್ಟಿ, ಮಾವಿನಕಾಯಿ ಉಪ್ಪಿನಕಾಯಿ ತಂದು, ಅತ್ತೆಯ ಮುಂದೆಯೇ ಕೂತು, ಮೂರು ದಿನದ ಹಸಿವಿನಲ್ಲಿ ಉಣ್ಣತೊಡಗಿದಳು. ವೀರಭದ್ರಮ್ಮ ಒದ್ದೆಗಣ್ಣಲ್ಲಿ ಅವಳ ಒಂದೊಂದು ತುತ್ತನ್ನೂ ನೋಡಿದಳು. ಬಾಯಲ್ಲಿ ನೀರೂರಿತು. ಕೈ ಬಟ್ಟಲಿಗೆ ತಡಕಾಡಿತು, ಬಟ್ಟಲಿರಲಿಲ್ಲ; ನುಂಗಿದಳು.

"ಇನ್ನೊಂದು ರೊಟ್ಟಿ ಹಾಕ್ಕೋ ಬೇ," ಎಂದಳು.