ಕೊಂಬೂದಿಸಿದ ಮುದ್ರೆ

"ಸಿಕ್ತು ಕಣೋ ಅಬ್ಬಕಲ್ಲ! ಹಿಟ್ಟಿನ ಮರಿಗೇಲೇ ಬಿದ್ದಿತ್ತು, ಹಾಳಾದ್ದು!"

ರೊಟ್ಟಿ ಸುಡುವ ಗೆಮೆಲಮ ಏದುಸಿರು ಬಿಡುತ್ತ ಬಂದಳು. ಕಂಕುಳಲ್ಲಿ ಹುಳಿ ಬೆರೆಸಿ ನಾದಿದ ಹಿಟ್ಟಿನ ತಟ್ಟೆ, ಮುಷ್ಟಿಯಲ್ಲಿ ಕಿರುಬೆರಳಷ್ಟು ದಪ್ಪದ ಉರುಳೆ ಮುದ್ರೆ. ಹೆಸರು, ಚಿತ್ರ ಕೊರೆದ ಆ ಕಲ್ಲನ್ನು ಜೇಡಿಮಣ್ಣಿನ ಪತ್ರದ ಮೇಲೆ ಉರುಳಿಸಿದರೆ ಅದೇ ಅವಳ ಸಹಿ. ಮುದ್ರೆಯನ್ನು ಕೊರೆದವನೇ ಅಬ್ಬಕಲ್ಲ. ಆದರೆ ಅವನು ಹಿಗ್ಗಲಿಲ್ಲ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕ್ದೋಳು ನೀನು! ನಿನ್ನೆ ಬೀದಿಬೀದೀಲಿ ಕೊಂಬು ಊದಿಸಿ, ಮುದ್ರೆ ಕಳೆದೋಯ್ತು, ಇನ್ಮೇಲೆ ಅದು ಸತ್ತ ಹಾಗೆ ಅಂತ ಸಾರ್ಸಿದ್ಯಲ್ಲ? ಸತ್ತಿದ್ದು ಸಿಕ್ರೆ ಉಜ್ಜಿ ಹಾಕ್ಬೇಕು. ಹೊಸದು ಕೊರೆದಿಟ್ಟಿದೀನಿ, ತಗೊಂಡೋಗು."

ಹೊಸದು ಯಾರಿಗೆ ಬೇಕಿತ್ತು? ಹಳೆಯದು ಗಂಡ ಉರ್ಮೆಸ್ ಮದುವೆಗೆ ಮಾಡಿಸಿಕೊಟ್ಟದ್ದು. ಅದರ ಚಿತ್ರದಲ್ಲಿ ಚಂದ್ರದೇವರು ಪೀಠದ ಮೇಲೆ ಕೂತಿದ್ದಾನೆ. ಕಾಯುವ ದೇವಿ ಮದುವಣಗಿತ್ತಿಯ ಕೈಹಿಡಿದು ಅವನೆದುರಿಗೆ ಕರೆತರುತ್ತಿದ್ದಾಳೆ. ಹಿಂದೆ ಕುರಿಮರಿ ಎತ್ತಿಕೊಂಡ ಉರ್ಮೆಸ್. ಮೂರೇ ವರ್ಷಕ್ಕೆ ಅವನನ್ನು ದೋಣಿ ಸಮೇತ ಹೊಳೆ ನುಂಗಿತು. ಇಪ್ಪತ್ತು ವರ್ಷವಾಯಿತು. ಅವನ ಮುಖ ಉಳಿದಿರುವುದು ಆ ಕಲ್ಲಿನಲ್ಲಿ ಮಾತ್ರ.

"ನನ್ನ ಹೆಸರೊಂದನ್ನೇ ಉಜ್ಜಪ್ಪಾ. ಅವನು ಇರ್ಲಿ."

"ಆಗಲ್ಲ ಮಹರಾಯ್ತಿ. ಸಿಕ್ಕಿದ್ದು ಗೊತ್ತಾದ್ರೆ ಸಂಜೆಗೇ ಊರ ಹಿರಿಯರು ನೋಡೋಕೆ ಬರ್ತಾರೆ. ಒಂದು ಗೆರೆ ಉಳಿದ್ರೂ ನನ್ನ ಕಸುಬಿಗೇ ಸಂಚಕಾರ."

"ಹಂಗಾದ್ರೆ ಒಂದೇ ಒಂದ್ಸಲ ಒತ್ಕೋತೀನಿ."

"ಸತ್ತ ಮುದ್ರೇನ ಜೇಡಿಮಣ್ಣಿಗೆ ಒತ್ತೋದು ಮೋಸ ಕಣೆ. ನನ್ನೂ ಸೇರ್ಸಿ ಹಿಡೀತಾರೆ."

"ಮಣ್ಣಿಗೆ ತಾನೆ?"

ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಹಿಟ್ಟನ್ನು ತಟ್ಟಿ, ಮುದ್ರೆಯನ್ನು ಮೆಲ್ಲಗೆ ಉರುಳಿಸಿದಳು. ದೇವರು ಬಂದ, ದೇವಿ ಬಂದಳು, ಹುಡುಗಿ ಬಂದಳು, ಉರ್ಮೆಸ್ ಬಂದ. ಅಬ್ಬಕಲ್ಲ ಅವಳಾಗಿಯೇ ಕೊಡುವವರೆಗೆ ಕಾದು, ಮುದ್ರೆ ತೆಗೆದುಕೊಂಡು ಒಳಗೆ ಹೋದ. ಸಾಣೆಯ ಸದ್ದು ಶುರುವಾಯಿತು.

ಬಹಳ ಹೊತ್ತಿನ ಮೇಲೆ ಅವನು ಬೋಳು ಕಲ್ಲು ಹಿಡಿದು ಹೊರಗೆ ಬಂದಾಗ ಗೆಮೆಲಮ ಕೂತಲ್ಲೇ ಕೂತಿದ್ದಳು. ಬಿಸಿಲಿಗೆ ಹಿಟ್ಟು ಉಬ್ಬಿತ್ತು. ಬಡಕಲು ಉರ್ಮೆಸ್‌ನ ಕೆನ್ನೆ ತುಂಬಿ, ಹೊಟ್ಟೆ ಮುಂದೆ ಬಂದು, ಹೆಗಲು ಅಗಲವಾಗಿತ್ತು.

"ನೋಡೋ ಇಲ್ಲಿ," ಎಂದಳು ಕಣ್ಣೊರೆಸಿಕೊಂಡು, ನಗುತ್ತ. "ಇವ್ನಿಗೂ ವಯಸ್ಸಾಯ್ತು. ನನ್ನ ಜೊತೇಲೇ."

ಹಿಟ್ಟು ಇನ್ನೂ ಉಬ್ಬುತ್ತಲೇ ಇತ್ತು; ಇನ್ನಷ್ಟು ಉಬ್ಬಿದರೆ ಆ ಮುಖವೂ ಅಳಿಸಿಹೋಗುತ್ತಿತ್ತು. ಅಬ್ಬಕಲ್ಲ ಈಚೆ ಬಂದು, ಅದರ ಮೇಲೆ ತನ್ನ ನೆರಳು ಬೀಳುವಂತೆ ಬಿಸಿಲಿಗೆ ಬೆನ್ನುಕೊಟ್ಟು ನಿಂತ.